ಪರಿಸರದವರು ಮನೆಗೆ ಬಂದರು

ಕ್ರೀಡಾ ವರದಿಗಾರ ಓಡಬೇಕಾಗಿಲ್ಲ. ಸಿನಿಮಾ ಬಗ್ಗೆ ಬರೆಯುವವರು ಕುಣಿಯಬೇಕಾಗಿಲ್ಲ. ಅಪರಾಧ ವರದಿ ಮಾಡುವವರಿಂದ ಯಾರೂ ಕಳ್ಳತನ ನಿರೀಕ್ಷಿಸುವುದಿಲ್ಲ. ಪರಿಸರ ಪತ್ರಿಕೆಯವನು ಮಾತ್ರ ಬರೆದದ್ದನ್ನೆಲ್ಲ ಮಾಡಿ ತೋರಿಸಬೇಕು! ಕುಂದಾಪುರದ ಸಂತೆಯಲ್ಲಿ ನಾನೊಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದರೆ ಸಾಕು, ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿರುತ್ತದೆ. ಅಯ್ಯಪ್ಪನ ಮಾಲೆ ಹಾಕಿದವರಿಗೂ 41 ದಿನಕ್ಕೆ ಬಿಡುಗಡೆ ಉಂಟು. ಈ ಹಸಿರು ಮಾಲೆಯನ್ನು ತೆಗೆಯುವ ಶಬರಿಮಲೆ ಎಲ್ಲಿದೆಯೋ ಇನ್ನೂ ಪತ್ತೆಯಾಗಿಲ್ಲ.

ನಮ್ಮ ಕಡೆ ಈ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ, ಕಷ್ಟವಿರುವುದೂ ಅಲ್ಲೇ. ಪಕ್ಕದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ದೇಶದ ಪರಿಸರದ ಸ್ಥಿತಿಗತಿಯ ವರದಿಯನ್ನು ಕನ್ನಡಕ್ಕೆ ತಂದರು, ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿದರು. ಅಷ್ಟು ಸಾಲದೆಂದು 1989ರಲ್ಲಿ, ಎಂಬತ್ತೇಳರ ಪ್ರಾಯದಲ್ಲಿ, ಪರಿಸರದ ಹೆಸರಿನಲ್ಲೇ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ನಮ್ಮ ಜನ ಪರಿಸರದವರಿಗೆ ಊಟ ಹಾಕುತ್ತಾರೆ, ವೋಟು ಹಾಕುವುದಿಲ್ಲ. ಅತ್ತ ಪುತ್ತೂರಿನಲ್ಲಿ 1988ರಿಂದ 'ಅಡಿಕೆ ಪತ್ರಿಕೆ' ಬರುತ್ತಿದೆ. ಎಂಡೋಸಲ್ಫಾನ್ ದುರಂತದ ಬಗ್ಗೆ ಆರಂಭದಲ್ಲೇ ಬರೆದ ಶ್ರೀ ಪಡ್ರೆಯವರು ಕಟ್ಟಿ ಬೆಳೆಸಿದ ಆ ಪತ್ರಿಕೆಯ ಘೋಷಣೆ 'ಕೃಷಿಕರ ಕೈಗೆ ಲೇಖನಿ'. ಅದರಿಂದ ಸ್ಫೂರ್ತಿಗೊಂಡ ನಾನು ಲೇಖನಿಯವನ ಕೈಗೆ ಹಾರೆ ಕೊಟ್ಟು ನೋಡಿದೆ. ಬಂದ ಫಸಲು ಸೊಂಟನೋವು.

ನಾನು ದುಡಿಯುವ ಪತ್ರಿಕೆಯ ಹೆಸರು ಬೇಡ, ಇರುವ ಚಂದಾದಾರರೂ ಹೋದಾರು. ಪ್ಲಾಸ್ಟಿಕ್ ವಿರುದ್ಧ ಖಡಾಖಂಡಿತವಾಗಿ ಬರೆಯುವ ಅದು ಮಳೆಗಾಲದಲ್ಲಿ ಪ್ಲಾಸ್ಟಿಕ್ ಲಕೋಟೆಯಲ್ಲೇ ಬರುತ್ತದೆ, ಇಲ್ಲದಿದ್ದರೆ ನಮ್ಮೂರ ಮಳೆಗೆ ಅಂಚೆಯಣ್ಣನ ಚೀಲದಲ್ಲೇ ಮುದ್ದೆಯಾಗುತ್ತದೆ. ಅಮ್ಮ ಒಂದೂ ಸಂಚಿಕೆ ಓದಿದವಳಲ್ಲ; ಲಕೋಟೆಗಳನ್ನು ಮಾತ್ರ ಜೋಪಾನವಾಗಿ ಒರೆಸಿ ಹಪ್ಪಳ, ಸಂಡಿಗೆ ತುಂಬಿಸಿ ಇಡುತ್ತಾಳೆ. ನಮ್ಮ ಪತ್ರಿಕೆಯ ಅತ್ಯಂತ ಸುಸ್ಥಿರ ಭಾಗ ಅದೇ.

ಹೀಗಿರುವಾಗ, ಕೋಡಿಯ ಕಡಲಾಮೆಗಳ ಕುರಿತು ಮುಖಪುಟ ಲೇಖನ ಮಾಡಲು ಇಡೀ ತಂಡವೇ ಬೆಂಗಳೂರಿನಿಂದ ಹೊರಟಿತು. ಹೋಟೆಲ್ ಬೇಡ, ಅದರ ಇಂಗಾಲದ ಹೆಜ್ಜೆಗುರುತು ದೊಡ್ಡದು, ನಿಮ್ಮ ಮನೆಯಲ್ಲೇ ಉಳಿಯುತ್ತೇವೆ ಎಂದರು ಸಂಪಾದಕರು. ಪತ್ರಿಕೆಯ ಕಿಸೆ ಸಣ್ಣದು ಎಂದು ನನಗೆ ಅರ್ಥವಾಯಿತು.

ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪ್ಲಾಸ್ಟಿಕ್ ಕುರ್ಚಿ, ಬಕೆಟ್, ಫಿನಾಯಿಲ್ ಬಾಟಲಿ, ಏಸಿಯ ರಿಮೋಟ್ ಎಲ್ಲ ಅಟ್ಟಕ್ಕೆ. ಅಟ್ಟದಲ್ಲಿದ್ದ ತಾಮ್ರದ ಹಂಡೆ, ಮಣ್ಣಿನ ಅಳಗೆ, ಹಾಳೆಯ ಬೀಸಣಿಗೆ ಕೆಳಕ್ಕೆ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹ್ವಾಯ್, ಮನಿಯೊಳ್ಗೆ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ತಿಂಬುದ್ ನೀವೇ. ನಿಮ್ಮನ್ನೂ ಅಟ್ಟಕ್ಕೆ ಹತ್ಸುದಾ?"

ತಂಡ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿಯಿತು. ಬಾಡಿಗೆ ಕಾರು ಬೇಡ, ಮೂಡ್ಲಕಟ್ಟೆ ಸ್ಟೇಷನ್ನಿನಿಂದ ನಡೆದೇ ಬರುತ್ತೇವೆ ಎಂದರು. ಸ್ವಲ್ಪ ದೂರ ನಡೆದರು. ಬೆಳಗ್ಗಿನ ಸೆಖೆಯಲ್ಲಿ ಅವರ ತತ್ತ್ವ ಬೆವರತೊಡಗಿತು. ಆಮೇಲೆ ನನ್ನ ಸ್ಕೂಟರಿನಲ್ಲಿ ಸಂಪಾದಕರನ್ನು ಒಮ್ಮೆ, ಉಪಸಂಪಾದಕಿಯನ್ನು ಒಮ್ಮೆ, ವಿನ್ಯಾಸಕನನ್ನು ಒಮ್ಮೆ, ಛಾಯಾಗ್ರಾಹಕನ ಚೀಲಗಳನ್ನು ಒಮ್ಮೆ, ಛಾಯಾಗ್ರಾಹಕನನ್ನು ಮತ್ತೊಮ್ಮೆ ಸಾಗಿಸಿದೆ. ಒಂದು ಕಾರು ಕುಡಿಯುವುದಕ್ಕಿಂತ ಹೆಚ್ಚು ಪೆಟ್ರೋಲ್ ಹೋಯಿತು, ಆದರೆ ಕಾರು ಹತ್ತಲಿಲ್ಲವೆಂಬ ನೆಮ್ಮದಿ ಎಲ್ಲರ ಮುಖದಲ್ಲೂ ಇತ್ತು.

ಊಟಕ್ಕೆ ಕೂತಾಗ ವಿನ್ಯಾಸಕ ವೀಗನ್ ಎಂದು ತಿಳಿಯಿತು. ಘೀ ರೋಸ್ಟ್‌ನಿಂದ ಹೆಸರಾದ ಊರಿಗೆ ಬಂದು ತುಪ್ಪ ಬೇಡವೆನ್ನಲು ಧೈರ್ಯ ಬೇಕು. ಅಮ್ಮನಿಗೆ ಕನಿಕರ ಉಕ್ಕಿತು. "ಹಾಲ್ ಬ್ಯಾಡ, ಮೊಸ್ರ್ ಬ್ಯಾಡ, ತುಪ್ಪ ಬ್ಯಾಡ ಅಂಬ್ರಲೆ! ಎಂತ ಆಯ್ತ್ ಈ ಮಾಣಿಗೆ? ಕಾಮಾಲೆಯಾ?" ಎಂದವಳೇ ಪಥ್ಯದ ಕುಚ್ಚಲಕ್ಕಿ ಗಂಜಿ ಬಡಿಸಿ, ಬದಿಗೆ ಮಾವಿನ ಮಿಡಿ ಇಟ್ಟಳು. ಅವನು ಗಂಜಿಯ ಫೋಟೋ ತೆಗೆದ, ಎರಡನೇ ಸಲ ಹಾಕಿಸಿಕೊಂಡ, ಇಂಥ ಪಾರಂಪರಿಕ ವೀಗನ್ ಊಟ ಬೆಂಗಳೂರಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದೆಂದ. ಅಮ್ಮ ರಾತ್ರಿಗೂ ಅದನ್ನೇ ಮಾಡಿದಳು.

ಛಾಯಾಗ್ರಾಹಕ ಮೀನು ತಿನ್ನುತ್ತಾನೆಂದು ಹೆಂಡತಿ ಖುಷಿಯಾಗಿ ಅವನನ್ನು ಮಾರ್ಕೆಟಿಗೆ ಕರೆದುಕೊಂಡು ಹೋದಳು. ಅವನು ಜೇಬಿನಿಂದ ಸ್ಕೇಲ್ ತೆಗೆದು ಬಂಗಡೆಯ ಪಕ್ಕ ಇಟ್ಟ. ಕೇರಳದಲ್ಲಿ 14 ಸೆಂಟಿಮೀಟರಿಗಿಂತ ಸಣ್ಣ ಬಂಗಡೆ ಹಿಡಿಯುವಂತಿಲ್ಲ, ಮರಿಗಳನ್ನೇ ಬಾಚಿದರೆ ಮುಂದಿನ ವರ್ಷ ಕಡಲಲ್ಲಿ ಏನುಳಿಯುತ್ತದೆ ಎಂದು ವಿವರಿಸಿದ. ಮಾತು ಸರಿಯಾದದ್ದೇ. ಆದರೆ ಬೆಳಗಿನಿಂದ ಬಿಸಿಲಲ್ಲಿ ಕೂತ ಮೀನಿನ ಅಕ್ಕನಿಗೆ ಅದು ರುಚಿಸಲಿಲ್ಲ. "ಹ್ವಾಯ್, ಮೀನ್ ತಿಂಬುಕೆ ಬಂದದ್ದಾ, ಅದ್ಕೆ ಅಂಗಿ ಹೊಲ್ಸುಕೆ ಬಂದದ್ದಾ?" ಈಗ ಹೆಂಡತಿ ಮಾರ್ಕೆಟಿಗೆ ಹೋದರೆ "ಟೈಲರ್ ಬರ್ಲಿಲ್ಯಾ?" ಎಂದೇ ಕೇಳುತ್ತಾರಂತೆ.

ರಾತ್ರಿ ಉಪಸಂಪಾದಕಿ ಮನೆಯ ದೀಪಗಳನ್ನೆಲ್ಲ ಆರಿಸಿದಳು. ಮೊಟ್ಟೆಯೊಡೆದು ಬಂದ ಆಮೆಮರಿಗಳು ಬೆಳಕು ಹೆಚ್ಚಿರುವ ಕಡೆಗೆ ಹರಿಯುತ್ತವೆ. ಕತ್ತಲೆಯ ದಂಡೆಯಲ್ಲಿ ಅವಕ್ಕೆ ಕಡಲೇ ಬೆಳಕು, ವಿದ್ಯುದ್ದೀಪ ಕಂಡರೆ ದಾರಿ ತಪ್ಪಿ ಊರಿನತ್ತ ನಡೆದು ಸಾಯುತ್ತವೆ. ಇದೂ ಸತ್ಯವೇ. ಆದರೆ ನಮ್ಮ ಮನೆ ಇರುವುದು ಹೆದ್ದಾರಿಯ ಮೂಡು ಬದಿಗೆ. ಕೋಡಿಯ ಮರಿ ನಮ್ಮ ದೀಪ ನೋಡಿ ಬರಬೇಕಾದರೆ ಇಡೀ ಪೇಟೆ ಸುತ್ತಿ, ಶಾಸ್ತ್ರಿ ಸರ್ಕಲ್ ದಾಟಬೇಕು. ಅಲ್ಲಿಯ ಫ್ಲೈಓವರ್ ಮುಗಿಯುವುದನ್ನು ವರ್ಷಗಟ್ಟಲೆ ಕಾದ ಊರಿನವರಿಗೆ ಆಮೆಯ ನಡಿಗೆ ಹೊಸದೇನಲ್ಲ ಬಿಡಿ. ಕತ್ತಲಲ್ಲಿ ನಾನು ತಾಮ್ರದ ಹಂಡೆಗೆ ಮೊಣಕಾಲು ಬಡಿದುಕೊಂಡೆ. ನೆರೆಮನೆಯವರು ನಮಗಾಗಿ ಮೆಸ್ಕಾಂಗೆ ಫೋನ್ ಮಾಡಿದರು.

ಆಮೆ ಮೊಟ್ಟೆಯೊಡೆಯಲು ಸುಮಾರು 45ರಿಂದ 60 ದಿನ ಬೇಕೆಂದು ಸಂಪಾದಕರು ಹೇಳುತ್ತಿದ್ದಾಗ ಅಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಮಗಾ, ಮರಿ ಹೊರ್ಗೆ ಬಪ್ಪುವರಿಗೂ ಇವ್ರ್ ಇಲ್ಲೇ ಇಪ್ಪುದಾ? ಅಕ್ಕಿ ಸಾಲ."

ಹೊರಡುವ ಮುನ್ನ ಸಂಪಾದಕರು ನಾನು ಸವಿಸ್ತಾರವಾಗಿ ಬರೆದಿದ್ದ ಮಳೆಕೊಯ್ಲು ನೋಡಬೇಕೆಂದರು. ಲೆಕ್ಕ ನನಗೆ ಬಾಯಿಪಾಠ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ. ನೂರು ಚದರ ಮೀಟರಿನ ಮಾಡಿದ್ದರೆ ನಾಲ್ಕು ಲಕ್ಷ ಲೀಟರ್! ಅವರು ಅಂಗಳಕ್ಕಿಳಿದು ಪೈಪು ಹುಡುಕತೊಡಗಿದರು. ಅಮ್ಮನೇ ಸಹಾಯಕ್ಕೆ ಬಂದಳು. "ಪೈಪ್ ಇಲ್ಲೆ ಮಾರಾಯ್ರೆ. ನೀರ್ ಮಾಡಿಂದ ಅಂಗಳಕ್ಕೆ, ಅಂಗಳದಿಂದ ತೋಡಿಗೆ ಹೋತ್ತ್. ಮಳೆ ನಮ್ದ್, ಕೊಯ್ಲ್ ಸಮುದ್ರದ್ದ್."

ಇದು ಸಮುದಾಯ ಮಟ್ಟದ ವಿಕೇಂದ್ರೀಕೃತ ಮರುಪೂರಣ ಮಾದರಿ ಎಂದು ನಾನು ತಕ್ಷಣ ವಿವರಿಸಿದೆ. ಉಪಸಂಪಾದಕಿ ಬರೆದುಕೊಂಡಳು. ಸಂಚಿಕೆಯಲ್ಲಿ ಅದು ನನ್ನ ಫೋಟೋ ಸಮೇತ ಅಚ್ಚಾಗಿದೆ, ಹಿನ್ನೆಲೆಯಲ್ಲಿ ತಾಮ್ರದ ಹಂಡೆ.

ಇಷ್ಟೆಲ್ಲ ನಕ್ಕರೂ ಒಂದು ಮಾತು. ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಮೇ ತಿಂಗಳಿಗೆ ನೀರಿನ ಟ್ಯಾಂಕರ್ ಓಡುತ್ತದೆ. ಹೊಳೆಬದಿಯ ಬಾವಿಗಳಿಗೆ ಉಪ್ಪು ಏರುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಇದ್ದರೂ ಬಂಗಡೆ ಸಣ್ಣದಾಗುತ್ತಿದೆ ಎಂದು ಗೊಣಗುವವರು ನಾವೇ. ಗೊಣಗುವುದಕ್ಕೆ ಎಲ್ಲರೂ ಇದ್ದಾರೆ. ಸ್ಕೇಲ್ ಹಿಡಿದು ಅಳೆದು, ಬೈಸಿಕೊಂಡು, ಅದನ್ನು ಅಚ್ಚು ಹಾಕುವ ಹುಚ್ಚರು ಕಡಿಮೆ. ಅವರ ಸಂಬಳ ಅವರ ಇಂಗಾಲದ ಹೆಜ್ಜೆಗಿಂತಲೂ ಚಿಕ್ಕದು.

ಆದ್ದರಿಂದ ಓದುಗರೇ, ಇಂಥ ಪತ್ರಿಕೆಗಳಿಗೆ ಚಂದಾ ಕಟ್ಟಿ. ಸಾಧ್ಯವಾದರೆ ಓದಿ. ನಾಲ್ಕು ಜನರ ಮುಂದೆ ಹೊಗಳಿ. ಮನೆಗೆ ಮಾತ್ರ ಕರೆಯಬೇಡಿ. ಕರೆಯಲೇಬೇಕೆಂದಿದ್ದರೆ ಮೊದಲು ಮಾಡಿಗೊಂದು ಪೈಪು ಹಾಕಿಸಿಕೊಳ್ಳಿ.