ಆಲೂ ಮೀಮಾಂಸೆ

ಅಥಾತ ಆಲೂಜಿಜ್ಞಾಸಾ. (‘ಅಥಾತೋ’ ಆಗಬೇಕಿತ್ತು ಎನ್ನುವವರು ಮೊದಲು ಸಂಸ್ಕೃತ ಸಂಧಿ ಕಲಿತು ಬರಲಿ.) ಜಗತ್ತಿನ ಸಕಲ ‘ಆಲೂ’ಗಳೂ ಕನ್ನಡದ್ದೇ ಎಂಬುದು ನಮ್ಮ ಸಿದ್ಧಾಂತ. ಸಿದ್ಧಾಂತ ಮೊದಲೇ ಸಿದ್ಧವಿತ್ತು. ಆಧಾರ ಸಿಗುವುದು ಮಾತ್ರ ತುಸು ತಡವಾಯಿತು.

ಪ್ರಥಮ ಸಾಕ್ಷಿ ಹಾಸನ ಜಿಲ್ಲೆಯ ಆಲೂರು. ಹಾಸನದ ಆಲೂಗಡ್ಡೆ ಹೆಸರುವಾಸಿ. ಆಲೂ ಬೆಳೆವ ಊರು ಆಲೂರು, ಇನ್ನೇನು ಬೇಕು? ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು, 16ನೇ ಶತಮಾನಕ್ಕೆ ಮುಂಚೆ ಅದು ಹಡಗೇ ಹತ್ತಿರಲಿಲ್ಲ ಎಂದು ಸಸ್ಯಶಾಸ್ತ್ರದವರು ತಕರಾರು ತೆಗೆಯುತ್ತಾರೆ. ಹಾಗಿದ್ದರೆ ಗೆಡ್ಡೆ ಬರುವ ಮೊದಲೇ ಊರು ಹೆಸರಿಟ್ಟುಕೊಂಡು ಕಾದು ಕೂತಿತ್ತು ಎಂದಾಯಿತು. ಕನ್ನಡಿಗರ ತಾಳ್ಮೆ ಯಾರಿಗೆ ಗೊತ್ತಿಲ್ಲ!

ಸಂಸ್ಕೃತದಲ್ಲಿ ‘ಆಲು’ ಎಂದರೆ ತಿನ್ನುವ ಗೆಡ್ಡೆ. ಹೊಸ ಗೆಡ್ಡೆ ಬಂದಾಗ ಹಳೆಯ ಹೆಸರು ಅಂಟಿಕೊಂಡಿತು, ಅಷ್ಟೇ ಎನ್ನುತ್ತಾರೆ ಪಂಡಿತರು. ಇಷ್ಟು ಸರಳವಾದದ್ದು ನಿಜವಿರಲಾರದು. ಪಾರಸಿಯ ‘ಆಲೂ’ ಇರುವುದಂತೂ ಮರದ ಮೇಲೆ. ಅದು ಪ್ಲಮ್ ಹಣ್ಣು. ಬಿರಿಯಾನಿಯಲ್ಲಿ ಹಲ್ಲಿಗೆ ಸಿಗುವ ಹುಳಿ ಆಲೂಬುಖಾರ ಬುಖಾರಾದ ಪ್ಲಮ್ಮೇ. ಆಲೂಗಡ್ಡೆಗೆ ಅವರು ‘ಸೀಬ್ ಜಮೀನಿ’, ಅಂದರೆ ನೆಲದ ಸೇಬು ಎನ್ನುತ್ತಾರೆ.

ಸಂಶೋಧನೆಗೆ ನಿಜವಾದ ತಿರುವು ಸಿಕ್ಕಿದ್ದು ಹೈದರಾಬಾದಿನ ಒಂದು ತರಕಾರಿ ಅಂಗಡಿಯಲ್ಲಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಆಲುಗಡ್ಡ’ ಎಂದು ಬರೆದಿತ್ತು. ತೆಲುಗಿನಲ್ಲಿ ಆಲು ಎಂದರೆ ಹೆಂಡತಿ. ಆಲುಮಗಲು ಎಂದರೆ ಗಂಡಹೆಂಡಿರು. ಗಡ್ಡ ನಮಗೆ ಗೊತ್ತೇ ಇದೆ. ಹೆಂಡತಿಯ ಗಡ್ಡ, ಅದೂ ಕಿಲೋ ಲೆಕ್ಕದಲ್ಲಿ! ಗಲ್ಲ ಸವರಿಕೊಂಡು ನಿಂತ ನಮ್ಮನ್ನು ಅಂಗಡಿಯಾತ ‘ಎಂತ ಕಾವಾಲಿ ಸಾರ್?’ ಎಂದು ಕೇಳಿದ. ಎಷ್ಟು ಬೇಕು ಎಂದು ಅವನ ಪ್ರಶ್ನೆ. ಮಂಗಳೂರಿನ ‘ಎಂತ’ ಎಂದುಕೊಂಡು ನಾವು ‘ಎಂತ ಇಲ್ಲ ಮಾರಾಯ್ರೆ’ ಎಂದೆವು. ಅಲ್ಲಿನ ಗಡ್ಡ ಬರಿಯ ಗೆಡ್ಡೆ ಎಂದು ತಿಳಿದದ್ದು ಲಾಡ್ಜಿಗೆ ಬಂದ ಮೇಲೆ. ಆಂಧ್ರದ ಕಡೆ ‘ಬಂಗಾಳದುಂಪ’, ಬಂಗಾಳದ ಗೆಡ್ಡೆ, ಎನ್ನುವುದೂ ಉಂಟು. ಹೆಂಡತಿಯನ್ನು ಬಾಣಲೆಯಿಂದ ಪಾರುಮಾಡಲೆಂದೇ ಈ ಏರ್ಪಾಡು ಎಂಬುದು ನಮ್ಮ ದೃಢವಾದ ಊಹೆ.

ಆಲೂರಿನ ‘ಆಲ’ ಆಲದ ಮರವೂ ಇರಬಹುದಲ್ಲ ಗುರುಗಳೇ ಎಂದು ಶಿಷ್ಯನೊಬ್ಬ ಗೊಣಗಿದ. ಅವನನ್ನು ಕರಡು ತಿದ್ದುವ ಕೆಲಸದಿಂದ ತೆಗೆದಿದ್ದೇವೆ. ಆಲೂರಿನ ಓದುಗರಲ್ಲಿ ವಿನಂತಿ: ನಿಮ್ಮೂರಲ್ಲಿ ಹಳೆಯ ಆಲದ ಮರವೇನಾದರೂ ಇದ್ದರೆ ದಯವಿಟ್ಟು ಪತ್ರ ಬರೆಯಬೇಡಿ. ಪ್ರಬಂಧ ಆಗಲೇ ಅಚ್ಚಿಗೆ ಹೋಗಿದೆ.