ಮೈನಸ್ ಮೀಮಾಂಸೆ

ಕಂಪ್ಯೂಟರಿನ ಪ್ರೊಸೆಸರನ್ನು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ತಣ್ಣಗಿಡುವ ಸಂಕಲ್ಪ ತೊಟ್ಟವರು ಕೊಳವೆಯೊಳಗೆ ಯಾವ ದ್ರವವನ್ನು ಹರಿಸತಕ್ಕದ್ದು ಎಂಬುದೇ ಈ ಗ್ರಂಥದ ವಿಷಯ. ಅಧಿಕಾರಿ ಯಾರು? ಕರೆಂಟ್ ಬಿಲ್ ಕಂಡು ಬೆಚ್ಚದವನು, ವಾರಂಟಿಯಲ್ಲಿ ವೈರಾಗ್ಯ ಹೊಂದಿದವನು. ಪ್ರಯೋಜನವೇನು? ಆಟದ ಪರದೆಯ ಮೂಲೆಯಲ್ಲಿ ಮಿನುಗುವ ಒಂದು ಅಂಕಿ ತುಸು ಮೇಲೇರುವುದು. ಇದರಿಂದ ಊಟಕ್ಕೇನಾದರೂ ಗಿಟ್ಟುತ್ತದೆಯೇ ಎಂದು ಕೇಳುವವರು ಅಧಿಕಾರಿಗಳಲ್ಲ. ಅವರು ಫ್ಯಾನ್ ಹಾಕಿಕೊಂಡು ಸುಖವಾಗಿರಲಿ.

ಈ ಶಾಸ್ತ್ರದ ಇತಿಹಾಸದಲ್ಲಿ ೨೦೧೮ನೇ ಇಸವಿ ಸ್ಮರಣೀಯ. ಆ ವರ್ಷ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್ ಕಂಪನಿ ೨೮ ಕೋರ್‌ಗಳ ಪ್ರೊಸೆಸರನ್ನು ೫ ಗಿಗಾಹರ್ಟ್ಸ್ ವೇಗದಲ್ಲಿ ಓಡಿಸಿ ತೋರಿಸಿತು. ಮೀನಿನ ತೊಟ್ಟಿ ತಂಪು ಮಾಡುವ ಜಾತಿಯ, ಒಂದು ಹಾರ್ಸ್‌ಪವರಿನ ಚಿಲ್ಲರ್ ಮೇಜಿನ ಕೆಳಗಿದ್ದದ್ದು ಆಮೇಲೆ ಬಯಲಾಯಿತು. ಮಹಿಮೆ ಮೇಜಿನ ಮೇಲಿರುತ್ತದೆ, ಕಾರಣ ಕೆಳಗಿರುತ್ತದೆ ಎಂದು ಭಾಷ್ಯಕಾರರು ಇದನ್ನು ವ್ಯಾಖ್ಯಾನಿಸಿದ್ದಾರೆ. (ಭಾಷ್ಯಕಾರರೂ ನಾನೇ.)

ಇನ್ನು ಪೂರ್ವಪಕ್ಷ. ಶಾಖ ಹೊರುವುದರಲ್ಲಿ ನೀರಿಗೆ ಸಮನಿಲ್ಲ ಎನ್ನುತ್ತಾರೆ ಜಲವಾದಿಗಳು. ಒಪ್ಪಿದೆವು. ಆದರೆ ಸೊನ್ನೆಗಿಳಿದರೆ ಅದು ಮಂಜುಗಡ್ಡೆಯಾಗಿ, ಗಾತ್ರದಲ್ಲಿ ಸುಮಾರು ಶೇ ೯ರಷ್ಟು ಹಿಗ್ಗಿ, ಕೊಳವೆಯ ಕೀಲುಗಳನ್ನೇ ಬಿಡಿಸಿಬಿಡುತ್ತದೆ. ಹಾಗಿದ್ದರೆ ಉಪ್ಪು ಹಾಕಿ ಎಂದು ಎದ್ದರು ಲವಣವಾದಿಗಳು. ಇವರದು ಘನ ಪರಂಪರೆ: ಫ್ಯಾರನ್‌ಹೀಟ್ ಮಹಾಶಯ ೧೭೨೪ರಲ್ಲಿ ತನ್ನ ಮಾಪಕದ ಸೊನ್ನೆಯನ್ನು ಗೊತ್ತುಮಾಡಿದ್ದೂ ಮಂಜುಗಡ್ಡೆ, ನೀರು, ನವಸಾಗರಗಳ ಮಿಶ್ರಣದಿಂದಲೇ. ಅಡುಗೆ ಉಪ್ಪಿನ ನೀರು ಮೈನಸ್ ೨೧ರವರೆಗೂ ಹೆಪ್ಪುಗಟ್ಟದು, ನಿಜ. ಆದರೆ ಅದು ಲೋಹವನ್ನು ತಿನ್ನುತ್ತದೆ. ಒಂದು ಹನಿ ಮದರ್‌ಬೋರ್ಡ್ ಮೇಲೆ ಬಿದ್ದರೆ ಕರೆಂಟಿಗೆ ಹೆದ್ದಾರಿ ಹಾಕಿಕೊಡುತ್ತದೆ. ಉಪ್ಪಿನಕಾಯಿಗೆ ಸಲ್ಲುವುದು ಪ್ರೊಸೆಸರಿಗೆ ಸಲ್ಲದು.

ಸುರಾವಾದಿಗಳ ಉತ್ಸಾಹವೇ ಬೇರೆ. ಎಥನಾಲ್ ಮೈನಸ್ ೧೧೪ರವರೆಗೂ ದ್ರವವಾಗಿಯೇ ಇರುತ್ತದೆ ಎಂಬುದು ಅವರ ಬ್ರಹ್ಮಾಸ್ತ್ರ. ನಮ್ಮ ಬಾರ್‌ಗಳಲ್ಲಿ ಸಿಗುವ ಶೇ ೪೨.೮ರ ವಿಸ್ಕಿಯೂ ಮೈನಸ್ ೨೦ಕ್ಕೆ ಗಟ್ಟಿಯಾಗುವುದಿಲ್ಲ, ಆದ್ದರಿಂದ ಉಳಿದ ದ್ರವವನ್ನು ಪ್ರಯೋಗದ ನಂತರ ಸದ್ವಿನಿಯೋಗ ಮಾಡಬಹುದು ಎಂದೂ ವಾದಿಸುತ್ತಾರೆ. ಖಂಡನೆ: ಆಲ್ಕೊಹಾಲ್ ತಾಗಿದ ಅಕ್ರಿಲಿಕ್ ತೊಟ್ಟಿಯಲ್ಲಿ ಕೂದಲೆಳೆ ಬಿರುಕುಗಳು ಮೂಡುತ್ತವೆ. ತಣ್ಣಗಿರುವಷ್ಟು ಹೊತ್ತು ಸಾಧುವಾದ ಈ ದ್ರವ ಚಿಲ್ಲರ್ ಕೈಕೊಟ್ಟು ಕೋಣೆಯ ಕಾವಿಗೆ ಬಂತೋ, ಸೋರಿದ ಆವಿ ಒಂದು ಕಿಡಿಗೇ ಹೊತ್ತಿಕೊಂಡೀತು. ಮೆಥನಾಲ್ ಪಂಥದವರಂತೂ ಕಳ್ಳಭಟ್ಟಿಯಲ್ಲಿ ಕಣ್ಣು ಕಳೆಯುವ ವಸ್ತುವನ್ನೇ ಮನೆಯೊಳಗೆ ತರುವವರು, ಅವರೊಡನೆ ವಾದವಿಲ್ಲ.

ಉಳಿದದ್ದು ಗ್ಲೈಕಾಲ್ ದರ್ಶನ. ಇದರಲ್ಲಿ ಎಥಿಲೀನ್, ಪ್ರೊಪಿಲೀನ್ ಎಂದು ಎರಡು ಶಾಖೆಗಳು. ಎರಡಕ್ಕೂ ತಲೆನೋವು ತಂದವರು ಅತಿವಾದಿಗಳು. 'ಅರ್ಧ ಗ್ಲೈಕಾಲ್ ಇಷ್ಟು ಕೆಲಸ ಮಾಡಿದರೆ ಪೂರ್ತಿ ಗ್ಲೈಕಾಲ್ ಇನ್ನೆಷ್ಟು ಮಾಡೀತು' ಎಂಬುದು ಇವರ ತರ್ಕ. ಶುದ್ಧ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ ೧೩ಕ್ಕೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಸಮ ನೀರು ಬೆರೆಸಿದರೆ ಸುಮಾರು ಮೈನಸ್ ೩೭ರವರೆಗೆ ತಡೆದುಕೊಳ್ಳುತ್ತದೆ. ಮಡಿವಂತರಿಗೆ ಈ ಶಾಸ್ತ್ರದಲ್ಲಿ ಜಾಗವಿಲ್ಲ. ಇಲ್ಲಿ ಬೆರಕೆಯೇ ಶ್ರೇಷ್ಠ.

ಹಾಗಂತ ಮೈನಸ್ ೩೭ ಎಂಬ ಅಂಕಿಯನ್ನು ಕಂಡು ಕುಣಿಯುವುದೂ ಬಾಲಿಶ. ದ್ರವ ಹೆಪ್ಪುಗಟ್ಟುವ ಮೊದಲೇ ಮಂದವಾಗುತ್ತದೆ. ಸಮಪಾಲಿನ ಮಿಶ್ರಣ ಮೈನಸ್ ೨೦ಕ್ಕೆ ಬಂದಾಗ ಕೋಣೆಯ ಕಾವಿನ ನೀರಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ಮಂದ. ಪ್ರೊಪಿಲೀನ್ ಆದರೆ ಇನ್ನೂ ಮಂದ. ನೀರಿಗೆಂದೇ ಮಾಡಿದ ಪುಟ್ಟ ಪಂಪು ಆಗ ಗೊರಗೊರ ಎನ್ನುತ್ತದೆ, ತೊಟ್ಟಿಯೊಳಗಿನ ಗುಳ್ಳೆಗಳು ಮೇಲೇಳದೆ ಅಲ್ಲೇ ತೂಗಾಡುತ್ತವೆ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಬ್ಲಾಕಿನ ಸಣ್ಣ ಸೀಳುಗಳಲ್ಲಿ ದ್ರವ ತೆವಳಿಕೊಂಡು ಹೋಗುವಾಗ ಶಾಖ ಹೀರಿಕೊಳ್ಳುವುದೂ ಕಡಿಮೆ. ಚಿಲ್ಲರ್ ಮೈನಸ್ ೨೦ ತೋರಿಸುತ್ತಿರುತ್ತದೆ, ಪ್ರೊಸೆಸರ್ ಮಾತ್ರ ಬಿಸಿಯಾಗಿಯೇ ಇರುತ್ತದೆ. ಹೆಪ್ಪುಗಟ್ಟುವ ಅಂಕಿಯನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವವರು ಈ ಮಂದತೆಯ ಬಗ್ಗೆ ಮೌನವ್ರತ ಹಿಡಿಯುತ್ತಾರೆ.

ಆದ್ದರಿಂದ ಸಿದ್ಧಾಂತ: ದ್ರವ ಎಷ್ಟಕ್ಕೆ ಇಳಿಯುವುದೋ ಅದಕ್ಕಿಂತ ಒಂದು ಹತ್ತು ಡಿಗ್ರಿ ಕೆಳಗೆ ಹೆಪ್ಪುಗಟ್ಟುವಷ್ಟೇ ಗ್ಲೈಕಾಲ್ ಹಾಕಿ, ಒಂದು ಚಮಚವೂ ಹೆಚ್ಚು ಬೇಡ. ಮೈನಸ್ ೧೫ ಸಾಕೆನ್ನುವವರಿಗೆ ಶೇ ೪೦ರ ಎಥಿಲೀನ್ ಗ್ಲೈಕಾಲ್, ಉಳಿದದ್ದು ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕುನಿರೋಧಕ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಗಂಟು ಹಾಕಬೇಡಿ. ಆ ಜೋಡಿಯಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ.

ದ್ರವದ ಚರ್ಚೆಯಲ್ಲಿ ಮುಳುಗಿದ ಪಂಡಿತರು ಹೊರಗಿನ ಗಾಳಿಯನ್ನು ಮರೆಯುತ್ತಾರೆ. ಮಳೆಗಾಲದ ಮಂಗಳೂರಿನಲ್ಲಿ ೨೩-೨೪ ಡಿಗ್ರಿಗೇ ಇಬ್ಬನಿ ಕೂರುತ್ತದೆ. ಮೈನಸ್ ೧೫ರ ಕೊಳವೆ ಕಂಡರೆ ಗಾಳಿ ತನ್ನಲ್ಲಿರುವ ನೀರನ್ನೆಲ್ಲ ಅದರ ಮೇಲೆ ಸುರಿಯುತ್ತದೆ. ಅದಕ್ಕೇ ಈ ಹುಚ್ಚಿನಲ್ಲಿ ಪಳಗಿದವರು ಪ್ರೊಸೆಸರಿನ ಸಾಕೆಟ್ಟಿಗೆ ವ್ಯಾಸಲೀನ್ ಮೆತ್ತುತ್ತಾರೆ, ಸುತ್ತಲೂ ಚಿತ್ರಕಾರರ ಮೆತ್ತನೆ ರಬ್ಬರು ಒತ್ತುತ್ತಾರೆ, ಕೊಳವೆಗೆ ಎಸಿ ಪೈಪಿನ ಕಪ್ಪು ಫೋಮ್ ತೊಡಿಸುತ್ತಾರೆ. ಲಕ್ಷ ರೂಪಾಯಿಯ ಯಂತ್ರಕ್ಕೆ ತುಟಿಗೆ ಹಚ್ಚುವ ಮುಲಾಮೇ ಕವಚ.

ಓದುಗರಲ್ಲಿ ಒಂದು ಮಾತು, ಇದು ಅಣಕವಲ್ಲ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ, ಮೂತ್ರಪಿಂಡವನ್ನೇ ಕೆಡಿಸುತ್ತದೆ. ಉಳಿದದ್ದನ್ನು ತಂಪುಪಾನೀಯದ ಬಾಟಲಿಗೆ ತುಂಬಿಡಬೇಡಿ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕದ ಹಾಗೆ, ಹೆಸರು ಬರೆದು, ಮುಚ್ಚಳ ಬಿಗಿದು ಇಡಿ.