ಪಟ್ಟಿ ಪ್ರವಾಸಿ: ಡೆಲ್ಫ್ಟ್ ಮಾದರಿ

ಊರು ನೋಡುವುದಕ್ಕಿಂತ ನೋಡಿ ಮುಗಿಸುವುದರಲ್ಲೇ ಹೆಚ್ಚು ಸುಖ ಕಾಣುವವನು ಪಟ್ಟಿ ಪ್ರವಾಸಿ. ಈ ಜಾತಿಗೆ ದೇಶ, ಭಾಷೆ, ವಯಸ್ಸಿನ ಭೇದವಿಲ್ಲ. ನೆದರ್‌ಲೆಂಡ್ಸ್‌ನ ಹಳೆಯ ಊರಾದ ಡೆಲ್ಫ್ಟ್‌ನಲ್ಲಿ ಈತ ವರ್ಷವಿಡೀ ಸಿಗುತ್ತಾನೆ. ಟುಲಿಪ್ ಅರಳುವ ಏಪ್ರಿಲ್‌ನಲ್ಲಂತೂ ಹಿಂಡುಹಿಂಡಾಗಿ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಪಟ್ಟಿ, ಹತ್ತು ಹೆಜ್ಜೆ ಹಿಂದೆ ಕಾಲೆಳೆಯುತ್ತ ಬರುವ ಹೆಂಡತಿ ಮಕ್ಕಳು: ಇವು ಗುರುತಿನ ಲಕ್ಷಣಗಳು. ಈತನ ಲೆಕ್ಕದಲ್ಲಿ ಡೆಲ್ಫ್ಟ್‌ಗೆ ಅರ್ಧ ದಿನ ಧಾರಾಳ.

ಮೊದಲ ಗುರಿ ಮಾರುಕಟ್ಟೆ ಚೌಕದ ನ್ಯೂವೆ ಕೆರ್ಕ್. ಡಚ್ಚರು ರಾಷ್ಟ್ರಪಿತನೆಂದು ಗೌರವಿಸುವ ವಿಲಿಯಂ ಆಫ್ ಆರೆಂಜ್‌ನ ಸಮಾಧಿ ಇರುವುದು ಈ ಚರ್ಚಿನಲ್ಲಿ. ಆತ 1584ರಲ್ಲಿ ಇದೇ ಊರಿನ ಪ್ರಿನ್ಸೆನ್‌ಹಾಫ್‌ನಲ್ಲಿ ಗುಂಡೇಟಿಗೆ ಬಲಿಯಾದ. ಶಿಲ್ಪಿ ಹೆಂಡ್ರಿಕ್ ಡೆ ಕೈಸರ್ ಆತನ ಪಾದದ ಬಳಿ ಒಂದು ನಾಯಿಯನ್ನೂ ಕೆತ್ತಿದ್ದಾನೆ. ಪಟ್ಟಿ ಪ್ರವಾಸಿ ತೆಗೆಯುವುದು ನಾಯಿಯ ಫೋಟೊ. ಅದರಲ್ಲಿ ರಾಷ್ಟ್ರಪಿತ ಪಾದದ ಮಟ್ಟಿಗೆ ಮಾತ್ರ ಬರುತ್ತಾನೆ.

ಚರ್ಚಿನ ಗೋಪುರಕ್ಕೆ 376 ಮೆಟ್ಟಿಲು. ಈತ ಎಣಿಸಿಕೊಂಡೇ ಹತ್ತುತ್ತಾನೆ. ಇಕ್ಕಟ್ಟಾದ ಸುರುಳಿಯಲ್ಲಿ, ಇಳಿದು ಬರುವವರಿಗೆ ಗೋಡೆಗೊತ್ತಿ ದಾರಿ ಬಿಡುವಾಗ, ಲೆಕ್ಕ ತಪ್ಪುತ್ತದೆ. ಹೇಗ್, ರಾಟರ್‌ಡ್ಯಾಮ್‌ಗಳವರೆಗೂ ಕಣ್ಣು ಹಾಯುವ ಎತ್ತರದಲ್ಲಿ ನಿಂತರೂ ಮನಸ್ಸೆಲ್ಲ ಕಾಣೆಯಾದ ಐದು ಮೆಟ್ಟಿಲುಗಳ ಮೇಲೆ. ಕೆಳಗಿಳಿದವನೇ ಟಿಕೆಟ್ ಕೊಟ್ಟವರನ್ನು ವಿಚಾರಿಸಿಕೊಳ್ಳುತ್ತಾನೆ.

ಎರಡನೆಯದು ಔಡೆ ಕೆರ್ಕ್. ಇದರ 75 ಮೀಟರ್ ಎತ್ತರದ ಗೋಪುರ ಸುಮಾರು ಎರಡು ಮೀಟರ್ ವಾಲಿದೆ. ಪಿಸಾದಲ್ಲಿ ಕಲಿತ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕಾಲುವೆಯಂಚಿನಲ್ಲಿ ನಿಂತು, ಗೋಪುರಕ್ಕೆ ಅಂಗೈ ಕೊಟ್ಟು, "ಇನ್ನೂ ಸ್ವಲ್ಪ ಕೆಳಗೆ ಕೂತ್ಕೊಂಡು ತೆಗಿ" ಎಂದು ಹೆಂಡತಿಯನ್ನು ಗದರಿಸುತ್ತಾನೆ. ಒಳಗೆ, 1675ರಲ್ಲಿ ತೀರಿಕೊಂಡ ಚಿತ್ರಕಾರ ವರ್ಮೀರ್‌ನ ಸಮಾಧಿ ಎಲ್ಲಿದೆ ಎಂದು ಕಾವಲಿನವರನ್ನು ಕೇಳುತ್ತಾನೆ. ಅವರು ಮಾತಾಡದೆ ಈತನ ಬೂಟಿನತ್ತ ಬೆರಳು ತೋರಿಸುತ್ತಾರೆ. ತಾನೇ ಉಜ್ಜಿ ಮಾಡಿದ ಮಸೂರಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡ ಲೇವನ್‌ಹುಕ್ ಕೂಡ ಇದೇ ಚರ್ಚಿನಲ್ಲಿ ಮಲಗಿದ್ದಾನೆ. ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಆತ ಈತನ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ವರ್ಮೀರ್ ಸೆಂಟ್ರಮ್. ಚಿತ್ರಗಳೆಲ್ಲ ಮೂಲದ ಅಳತೆಯಲ್ಲೇ ಇವೆ, ಆದರೆ ಎಲ್ಲವೂ ಪ್ರತಿಗಳು. ವರ್ಮೀರ್ ಹುಟ್ಟಿ ಬದುಕಿ ಸತ್ತ ಊರಿನಲ್ಲಿ ಅವನ ಒಂದೂ ಮೂಲಚಿತ್ರವಿಲ್ಲ. ಮುತ್ತಿನ ಓಲೆಯ ಹುಡುಗಿಯೂ ಡೆಲ್ಫ್ಟ್‌ನ ನೋಟವೂ ಪಕ್ಕದ ಹೇಗ್‌ನ ಮೌರಿತ್ಸ್‌ಹೌಸ್‌ನಲ್ಲಿವೆ. "ಮೂಲದ ಬೆಳಕೇ ಬೇರೆ ಬಿಡಿ" ಎಂದು ಮಕ್ಕಳಿಗೆ ವಿವರಿಸುತ್ತಿದ್ದ ಈತನಿಗೆ ಇದು ತಿಳಿಯುವುದು ಗೋಡೆಯ ಕೊನೆಯ ಫಲಕದಲ್ಲಿ.

ಕೊನೆಗೆ ನೀಲಿ ಪಿಂಗಾಣಿ. ಹದಿನೇಳನೇ ಶತಮಾನದಲ್ಲಿ ಚೀನಾದ ಅಂತರ್ಯುದ್ಧದಿಂದ ಅಲ್ಲಿನ ಪಿಂಗಾಣಿ ಬರುವುದು ನಿಂತಾಗ ಡೆಲ್ಫ್ಟ್‌ನ ಕುಶಲಿಗಳು ಅದನ್ನು ಅನುಕರಿಸಿ ಹೆಸರಾದರು. 1653ರಲ್ಲಿ ಶುರುವಾದ ಪೋರ್ಸಲೇನೆ ಫ್ಲೆಸ್ ಇಂದಿಗೂ ಕೈಯಿಂದಲೇ ಬಣ್ಣ ಹಚ್ಚುತ್ತದೆ. ಅಲ್ಲಿನ ತಟ್ಟೆಯ ಬೆಲೆ ನೋಡಿ ಈತ ಮೆಲ್ಲನೆ ಕೆಳಗಿಟ್ಟು, ಚೌಕದ ಅಂಗಡಿಯಲ್ಲಿ ಗಾಳಿಯಂತ್ರದ ಫ್ರಿಜ್ ಮ್ಯಾಗ್ನೆಟ್ ಕೊಳ್ಳುತ್ತಾನೆ. ಅದು ತಯಾರಾಗಿ ಬಂದದ್ದು ಚೀನಾದಿಂದ.

ಮಧ್ಯಾಹ್ನದ ರೈಲಿನಲ್ಲಿ ಈತ ಅನುಭವಿಯಾಗಿ ಬಡ್ತಿ ಪಡೆಯುತ್ತಾನೆ. ಮುಂದಿನ ವಾರ ಹೊರಡಲಿರುವ ಸಹೋದ್ಯೋಗಿಗೆ ಅದೇ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ಅರ್ಧ ದಿನ ಸಾಕು, ಐದು ಮೆಟ್ಟಿಲು ಕಮ್ಮಿ" ಎಂದು ಬರೆಯುತ್ತಾನೆ. ಪಟ್ಟಿ ಪ್ರವಾಸಿಯ ಸಂತತಿ ಬೆಳೆಯುವುದು ಹೀಗೆ.